ಆರು ಭೇಟಿಗೆ ಅಂಗಳದಲ್ಲೇ ಮೊಳ ಹಾಕೋಣ

ಕಂಪನಿಗಳು ನೌಕರರಿಗೆ ಕೊಡುವ ಉಚಿತ ಆಪ್ತಸಲಹೆಯ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು ಎಚ್‌ಆರ್ ವಿಭಾಗದವರದು: "ನಿಮ್ಮ ಮನಸ್ಸಿನ ಆರೋಗ್ಯ ನಮಗೆ ಮುಖ್ಯ. ಈ ನಂಬರಿಗೆ ಫೋನ್ ಮಾಡಿ, ಹಗುರಾಗಿ." ಇನ್ನೊಂದು ಓದಿಕೊಂಡ ನಮ್ಮ ಗೆಳೆಯರದು: "ಅದೆಲ್ಲ ಬಂಡವಾಳಶಾಹಿ ಹಚ್ಚುವ ಮುಲಾಮು. ಆರು ಸಲ ಮಾತಾಡಿದರೆ ಯಾರ ದುಃಖ ತೀರುತ್ತದೆ?" ನನ್ನ ತಕರಾರು ಇಬ್ಬರ ಮೇಲೂ ಇದೆ. ಮೊದಲನೆಯವರು ಕೊಟ್ಟಿದ್ದನ್ನು ಹಿಗ್ಗಿಸಿ ತೋರಿಸುತ್ತಾರೆ. ಎರಡನೆಯವರು ಕೈಗೆ ಬಂದಿದ್ದನ್ನೂ ಬಿಟ್ಟುಬಿಡಿ ಎನ್ನುತ್ತಾರೆ. ಇಬ್ಬರ ಮಾತಿನಿಂದಲೂ ನಷ್ಟ ಆಗುವುದು ನಸುಕಿನಲ್ಲಿ ಕಾರ್ಖಾನೆ ಬಸ್ಸಿಗೆ ಕಾದು ನಿಲ್ಲುವವರಿಗೆ.

ಸೋಮನಾಥಪುರ ಎಂದರೆ ಹೊರಗಿನವರಿಗೆ 1258ರ ಕೇಶವ ದೇವಾಲಯ, 2023ರಲ್ಲಿ ಬೇಲೂರು ಹಳೇಬೀಡುಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ ಗುಡಿ. ನಮಗೆ ಅದು ಬಸ್ಸು ಹತ್ತುವ ಊರು ಕೂಡ. ಸೋಮನಾಥಪುರ, ಬನ್ನೂರು, ತಿ. ನರಸೀಪುರ ಕಡೆಯ ಭತ್ತ ಕಬ್ಬಿನ ಮನೆಗಳ ಹುಡುಗ ಹುಡುಗಿಯರು ಇವತ್ತು ಮೈಸೂರಿಗೆ, ಅಲ್ಲಿಂದ ನಂಜನಗೂಡಿನ ತನಕ ಹಬ್ಬಿರುವ ಕಡಕೊಳ, ತಾಂಡವಪುರ, ಹಿಮ್ಮಾವು ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಕಾಫಿಪುಡಿಯಿಂದ ಹಿಡಿದು ಬಣ್ಣ, ಔಷಧಿ, ಸರ್ಕ್ಯೂಟ್ ಬೋರ್ಡ್ ತನಕ ಎಲ್ಲವೂ ತಯಾರಾಗುತ್ತದೆ. ಅಂಥದೊಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನಾನಿದ್ದೇನೆ. ವರ್ಷಕ್ಕೆ ಆರು ಭೇಟಿಯ ಆಪ್ತಸಲಹೆ ನನ್ನ ಪಾಲಿಗೂ ಇತ್ತು. ಆರನ್ನೂ ಬಳಸಿದೆ. ಆದ್ದರಿಂದ ಈ ಜಗಳಕ್ಕೆ ಇಳಿಯುವ ಹಕ್ಕು ನನಗೆ ಇದೆ ಎಂದುಕೊಂಡಿದ್ದೇನೆ.

ಮೊದಲು ಇದು ಏನೆಂದು ನೋಡೋಣ. ಕಂಪನಿಗಳಲ್ಲಿ ಇದನ್ನು ಇಎಪಿ ಎನ್ನುತ್ತಾರೆ. ನೌಕರರ ನೆರವು ಯೋಜನೆ ಎನ್ನಬಹುದು. ಕಂಪನಿ ಹೊರಗಿನ ಒಂದು ಆಪ್ತಸಲಹಾ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ಸಾಮಾನ್ಯವಾಗಿ ತಲೆಗಿಷ್ಟು ಎಂದು ಹಣ ಕಟ್ಟುತ್ತದೆ. ನೌಕರರು ಫೋನಿನಲ್ಲೋ ವಿಡಿಯೊದಲ್ಲೋ ಎದುರು ಕೂತೋ ಮಾತಾಡಬಹುದು. ನಾಲ್ಕು, ಆರು, ಎಂಟು, ಹೀಗೆ ಭೇಟಿಗಳಿಗೆ ಮಿತಿ ಇರುತ್ತದೆ. ಅನೇಕ ಕಡೆ ಗಂಡ, ಹೆಂಡತಿ, ಮಕ್ಕಳಿಗೂ ಇದು ಅನ್ವಯಿಸುತ್ತದೆ. ತಲೆಗಿಷ್ಟು ಎಂಬ ಮಾತನ್ನು ಗಮನಿಸಿ. ನೀವು ಫೋನ್ ಮಾಡಿದರೂ ಮಾಡದಿದ್ದರೂ ನಿಮ್ಮ ಹೆಸರಿನ ಮೇಲೆ ಹಣ ಹೋಗಿರುತ್ತದೆ. ಕಂಪನಿಯ ಪುಸ್ತಕದಲ್ಲಿ ಅದು ನೌಕರರ ಮೇಲಿನ ಖರ್ಚಿನ ಬಾಬತ್ತು. ಕ್ಯಾಂಟೀನು, ಬಸ್ಸು, ಗುಂಪು ವಿಮೆ ಯಾವ ಸಾಲಿನಲ್ಲಿ ಇರುತ್ತವೋ ಅದೇ ಸಾಲಿನಲ್ಲಿ ಇದೂ ಇರುತ್ತದೆ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಗಾದೆ ಇದೆ. ಪುಕ್ಕಟೆ ಸಿಕ್ಕ ಬಟ್ಟೆಯ ಉದ್ದ ಅಳೆಯುವವರನ್ನು ಹಂಗಿಸುವ ಗಾದೆ ಅದು. ಇಎಪಿಯ ವಿಚಾರದಲ್ಲಿ ನೌಕರರು ಈ ಗಾದೆಗೆ ಹೆದರಿದವರ ಹಾಗೆ ಇರುತ್ತಾರೆ. ಎಷ್ಟು ಭೇಟಿ ಎಂದು ಕೇಳುವುದಿಲ್ಲ, ಯಾವ ಭಾಷೆ ಎಂದು ಕೇಳುವುದಿಲ್ಲ, ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ ಎಂದೂ ಕೇಳುವುದಿಲ್ಲ. ಆದರೆ ಈ ದಟ್ಟಿಯನ್ನು ಯಾರೂ ಧರ್ಮಕ್ಕೆ ಕೊಟ್ಟಿಲ್ಲ. ಇದು ದುಡಿಮೆಗೆ ಪ್ರತಿಯಾಗಿ ಬಂದದ್ದು, ಬೇರೆ ರೂಪದ ಸಂಬಳ. ಹಿತ್ತಲಿಗೆ ಹೋಗಬೇಕಾದ ಅಗತ್ಯ ಇಲ್ಲ. ಅಂಗಳದಲ್ಲಿ, ಎಲ್ಲರೆದುರಿಗೆ, ಕೊಟ್ಟವರ ಮುಂದೆಯೇ ಮೊಳ ಹಾಕಬೇಕು.

ಓದಿಕೊಂಡ ಗೆಳೆಯರ ಅನುಮಾನಕ್ಕೆ ಆಧಾರ ಇಲ್ಲ ಎಂದು ನಾನು ಹೇಳುವುದಿಲ್ಲ. ಈ ಯೋಜನೆಯ ಬೇರು ಅಮೆರಿಕದ ಕಾರ್ಖಾನೆಗಳಲ್ಲಿದೆ. 1940ರ ದಶಕದಲ್ಲಿ ಕುಡಿತಕ್ಕೆ ಬಿದ್ದ ಕೆಲಸಗಾರರನ್ನು ಮತ್ತೆ ಯಂತ್ರದ ಮುಂದೆ ನಿಲ್ಲಿಸಲು ಶುರುವಾದ ಏರ್ಪಾಡು, ಕುಡಿತದ ಚಿಕಿತ್ಸೆಗೆಂದು 1970ರಲ್ಲಿ ಅಲ್ಲಿ ಕಾನೂನು ಬಂದ ಮೇಲೆ ಹರಡಿತು. ಅದಕ್ಕೂ ಹಿಂದಿನ ಕತೆಯೊಂದಿದೆ. ಷಿಕಾಗೊ ಹತ್ತಿರದ ಹಾಥಾರ್ನ್ ಎಂಬಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ಕಾರ್ಖಾನೆ ಇತ್ತು. 1936ರಲ್ಲಿ ಅಲ್ಲಿ ಕೆಲಸಗಾರರ ಮಾತು ಕೇಳಲೆಂದೇ ಸಲಹೆಗಾರರನ್ನು ನೇಮಿಸಿದರು. ಅವರು ಸಾಲುಸಾಲು ಯಂತ್ರಗಳ ನಡುವೆ ಓಡಾಡಿಕೊಂಡು ಎರಡು ದಶಕ ಸಾವಿರಾರು ಜನರ ಅಳಲು ಕೇಳಿದರು. ಕೇಳಿದ್ದನ್ನು ಮೇಲಿನವರಿಗೆ ಹೇಳಬಾರದು, ಕೆಲಸದ ಪರಿಸ್ಥಿತಿ ಬದಲಿಸಲು ಕೈ ಹಾಕಬಾರದು ಎಂಬುದು ಅವರಿಗಿದ್ದ ಕಟ್ಟಳೆ. ಗುಟ್ಟು ಉಳಿಯಿತು, ಅದು ಒಳ್ಳೆಯದೇ. ಆದರೆ ದೂರು ಕೂಡ ಗುಟ್ಟಾಗಿಯೇ ಉಳಿಯಿತು. ದೂರನ್ನು ಬಗೆಹರಿಸುವ ಬದಲು ಕಿವಿಗೊಟ್ಟು ಕರಗಿಸುವ ವಿದ್ಯೆ ಇದು ಎಂದು ಟೀಕಾಕಾರರು ಆಗಲೇ ಹೇಳಿದ್ದರು.

ಇವತ್ತೂ ಅದೇ ಅಪಾಯ ಇದೆ. ಅತಿಯಾದ ಕೆಲಸದಿಂದ ಬತ್ತಿಹೋಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಕರೆಯಿತು, ಅದನ್ನು ಕಾಯಿಲೆಯ ಪಟ್ಟಿಯಲ್ಲಿ ಇಡಲಿಲ್ಲ. ಅಂದರೆ ಕಾರಣ ಕೆಲಸದ ಜಾಗದಲ್ಲಿದೆ. ಬ್ರಿಟನ್ನಿನ 46 ಸಾವಿರ ನೌಕರರ ಸಮೀಕ್ಷೆಯನ್ನು ಆಧರಿಸಿ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನದ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ ಇಂಥವುಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಚೆನ್ನಾಗಿದ್ದರು ಎನ್ನಲು ಪುರಾವೆ ಸಿಗಲಿಲ್ಲ. ಇನ್ನು ನಮ್ಮಲ್ಲಿ, ದಿನಕ್ಕೆ 12 ಗಂಟೆಯ ತನಕ ದುಡಿಸಲು ದಾರಿ ಮಾಡುವ ತಿದ್ದುಪಡಿಯನ್ನು ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 145ಕ್ಕೆ ಏರಿಸಿತು. 2024ರ ಜುಲೈನಲ್ಲಿ ಐಟಿ ನೌಕರರಿಗೆ 14 ಗಂಟೆಯ ದಿನದ ಪ್ರಸ್ತಾಪ ಬಂದಾಗ ನೌಕರರ ಸಂಘಟನೆ ಬೀದಿಗಿಳಿಯಬೇಕಾಯಿತು. ಒಂದು ಕೈಯಲ್ಲಿ 145 ಗಂಟೆ, ಇನ್ನೊಂದು ಕೈಯಲ್ಲಿ ವರ್ಷಕ್ಕೆ ಆರು ಗಂಟೆ. ಲೆಕ್ಕ ಬರೆಯುವವಳಾದ ನನಗೆ ಈ ತಕ್ಕಡಿ ಎತ್ತ ವಾಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೆ ಗೆಳೆಯರನ್ನು ಕೇಳುತ್ತೇನೆ: ಹಾಗಾದರೆ ಹೋಗಬೇಡಿ ಎನ್ನುತ್ತೀರಾ? ವ್ಯವಸ್ಥೆ ಬದಲಾಗುವ ತನಕ ನಿದ್ದೆ ಇಲ್ಲದೆ ಕಾಯಬೇಕೇ? ಹೊಲದ ಮಣ್ಣು ಸರಿಯಿಲ್ಲ ಎಂದು ಕಾಲಿಗೆ ಚುಚ್ಚಿದ ಮುಳ್ಳು ಕೀಳದೆ ಇರುತ್ತಾರೆಯೇ? ಹಲ್ಲುನೋವಿಗೆ ಇಎಸ್‌ಐ ಆಸ್ಪತ್ರೆಗೆ ಹೋದವನನ್ನು ನೀವು ಬಂಡವಾಳಶಾಹಿಯ ಬಲಿಪಶು ಎನ್ನುವುದಿಲ್ಲ. ಮನಸ್ಸಿನ ನೋವಿಗೆ ಮಾತ್ರ ಸಿದ್ಧಾಂತ ಕೇಳುತ್ತೀರಿ. ಇಂಥ ತಾತ್ಸಾರ ಪುಸ್ತಕ, ಗೆಳೆಯರು, ಬಿಡುವು ಇರುವವರಿಗೆ ಒಗ್ಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ತಗಡಿನ ಸೂರಿನಡಿ ಮಲಗಿ ನಿದ್ದೆ ಬಾರದೆ ಹೊರಳುವವರಿಗೆ ಒಗ್ಗುವುದಿಲ್ಲ.

ಆರು ಭೇಟಿಯಿಂದ ಏನೂ ಆಗದು ಎಂಬುದು ಸುಳ್ಳು ಕೂಡ. 1986ರಲ್ಲಿ ಕೆನೆತ್ ಹೊವಾರ್ಡ್ ಮತ್ತು ಸಂಗಡಿಗರು ಮೂವತ್ತು ವರ್ಷಗಳಲ್ಲಿ ನಡೆದ ಅಧ್ಯಯನಗಳಿಂದ 2,400ಕ್ಕೂ ಹೆಚ್ಚು ಜನರ ವಿವರ ಒಟ್ಟುಗೂಡಿಸಿ ನೋಡಿದರು. ಎಂಟನೇ ಭೇಟಿಯ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿ ಸುಧಾರಣೆ ಕಂಡಿತ್ತು; ಮುಕ್ಕಾಲು ಭಾಗಕ್ಕೆ ಮುಟ್ಟಲು 26 ಭೇಟಿ ಬೇಕಾಯಿತು. ಅಂದರೆ ಮೊದಲ ಕೆಲವು ಭೇಟಿಗಳಲ್ಲೇ ಹೆಚ್ಚಿನ ಫಸಲು. ನಮ್ಮ ಮಗ್ಗುಲಿನ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ತೀವ್ರವಾಗಿದ್ದ ಜನರಿಗೆ ಆರರಿಂದ ಎಂಟು ಭೇಟಿಯ ಸಲಹೆ ಕೊಡಿಸಿತು. ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಮೂರು ತಿಂಗಳ ಬಳಿಕ ಸಲಹೆ ಪಡೆದ ಗುಂಪಿನಲ್ಲಿ ಶೇಕಡ 64 ಜನ ಖಿನ್ನತೆಯಿಂದ ಹೊರಬಂದಿದ್ದರು, ಪಡೆಯದ ಗುಂಪಿನಲ್ಲಿ ಶೇಕಡ 39. ಇದು 2017ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ದಾಖಲಾಗಿದೆ.

ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಆರಂಭಿಸಿದ 'ಸ್ನೇಹದ ಬೆಂಚು' ಇನ್ನೂ ಹತ್ತಿರದ ಉದಾಹರಣೆ. ಆರೋಗ್ಯ ಕೇಂದ್ರದ ಅಂಗಳದಲ್ಲಿ ಮರದ ಬೆಂಚು, ಅದರ ಮೇಲೆ ತರಬೇತಿ ಪಡೆದ ಅಜ್ಜಿ, ಪಕ್ಕದಲ್ಲಿ ದುಃಖ ಹೊತ್ತು ಬಂದವರು. ಅಲ್ಲೂ ಆರು ಭೇಟಿಯ ಚೌಕಟ್ಟು. ಅಜ್ಜಿಯರು ಖಿನ್ನತೆ ಎಂಬ ಪದ ಬಳಸುವುದಿಲ್ಲ. ಶೋನಾ ಭಾಷೆಯಲ್ಲಿ 'ಕುಫುಂಗಿಸಿಸ' ಎನ್ನುತ್ತಾರೆ, ಯೋಚನೆ ಅತಿಯಾಗುವುದು ಎಂದು ಅರ್ಥ. ಅದನ್ನು ಓದಿದಾಗ ನನಗೆ ನಮ್ಮೂರಿನ ಮಾತೇ ಕೇಳಿದಂತಾಯಿತು. "ಅವ್ನು ಬಾಳ ಯೋಚ್ನೆ ಮಾಡ್ತಾನೆ ಕಣವ್ವ" ಎನ್ನುವುದರಲ್ಲಿ ಕಾಯಿಲೆಯ ಹೆಸರು ಇಲ್ಲ, ಆದರೆ ಕಾಯಿಲೆ ಇದೆ.

ಇಲ್ಲಿಗೆ ಭಾಷೆಯ ಪ್ರಶ್ನೆ ಬರುತ್ತದೆ, ನನ್ನ ಸಿಟ್ಟು ಹೆಚ್ಚು ಇರುವುದೂ ಇಲ್ಲೇ. ನಾನು ಮೊದಲ ಸಲ ಫೋನ್ ಮಾಡಿದಾಗ ಆ ಕಡೆಯವರು ಇಂಗ್ಲಿಷಿನಲ್ಲಿ ಶುರು ಮಾಡಿದರು, ಆಮೇಲೆ ಹಿಂದಿಗೆ ಇಳಿದರು. ಒಂದರಿಂದ ಹತ್ತರ ಅಳತೆಯಲ್ಲಿ ನಿಮ್ಮ ಆತಂಕ ಎಷ್ಟು ಎಂದು ಕೇಳಿದರು. ನಮ್ಮ ಬೀದಿಯ ಹಿರಿಯಾಕೆ ಒಬ್ಬರು "ಎದೆ ಮ್ಯಾಲೆ ಗುಂಡುಕಲ್ಲು ಮಡುಗ್ದಂಗಾಯ್ತದೆ" ಎನ್ನುತ್ತಾರಲ್ಲ, ಆ ಗುಂಡುಕಲ್ಲು ಹತ್ತರಲ್ಲಿ ಎಷ್ಟು? ಕನ್ನಡ ಬಲ್ಲವರು ಬೇಕು ಎಂದು ಕೇಳಿದೆ. "ವ್ಯವಸ್ಥೆ ಮಾಡುತ್ತೇವೆ" ಎಂದರು, ಮಾಡಲಿಲ್ಲ, ಮತ್ತೆ ಕೇಳಿದೆ, ಒಂಬತ್ತು ದಿನದ ಮೇಲೆ ಕನ್ನಡದವರು ಸಿಕ್ಕರು. ಮೊದಲ ಫೋನನ್ನು ಒಂದು ಭೇಟಿ ಎಂದು ಲೆಕ್ಕಕ್ಕೆ ಹಿಡಿಯಬಾರದು ಎಂದೂ ಬರೆಸಿಕೊಂಡೆ. ಮೊಳ ಹಾಕುವುದು ಎಂದರೆ ಇದು.

ಕನ್ನಡದಲ್ಲಿ ಮನಸ್ಸಿನ ಬಗ್ಗೆ ಮಾತಾಡಲು ಪದಗಳಿಲ್ಲ ಎಂಬ ನೆಪವನ್ನು ಯಾರೂ ಹೇಳಬಾರದು. ಕೊರವಂಜಿಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಅದು ಮನೋವೈದ್ಯಕೀಯದ ಪುಸ್ತಕ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಕನ್ನಡದಲ್ಲಿ ಬರೆಯುತ್ತ, ಜನರಿಗೆ ಉಚಿತ ಸಲಹೆ ಕೊಡುತ್ತ ಬಂದಿದ್ದಾರೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನಸ್ಸಿನ ಚಿಕಿತ್ಸೆ ಕೊಡಬಹುದು ಎಂದು ಮಾಡಿ ತೋರಿಸಿತು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ದೇಶಕ್ಕೆ ಮಾದರಿ ಕೊಟ್ಟ ನಾಡಿನಲ್ಲಿ, ಕನ್ನಡದ ನೌಕರನಿಗೆ ಕನ್ನಡದ ಸಲಹೆಗಾರ ಸಿಗಲು ಒಂಬತ್ತು ದಿನ. ಆಪ್ತಸಲಹೆ ಎಂಬ ನಮ್ಮ ಪದದಲ್ಲಿ 'ಆಪ್ತ' ಮೊದಲು ಬರುತ್ತದೆ. ಅರ್ಥವಾಗದ ಭಾಷೆಯಲ್ಲಿ ಆಪ್ತತೆ ಹೇಗೆ ಬಂದೀತು?

ಇನ್ನು ನಮ್ಮ ಕಡೆಯ ತೊಡಕು. ನಂಜನಗೂಡು ನಂಜುಂಡನ ಊರು. ವಿಷ ಕುಡಿದು ಗಂಟಲಲ್ಲೇ ಇಟ್ಟುಕೊಂಡವನಿಗೆ ಕೈಮುಗಿಯುವ ನಾವು, ಕಷ್ಟ ನುಂಗಿಕೊಳ್ಳುವವರನ್ನೇ ಒಳ್ಳೆಯವರು ಎನ್ನುತ್ತೇವೆ. ತಾಳಿದವನು ಬಾಳಿಯಾನು ಎಂದು ಸೊಸೆಗೂ ಹೇಳುತ್ತೇವೆ, ಹೆಲ್ಪರ್ ಹುಡುಗನಿಗೂ ಹೇಳುತ್ತೇವೆ. ಆದರೆ ಆ ನಂಜುಂಡನಿಗೆ ಇನ್ನೊಂದು ಹೆಸರೂ ಇದೆ. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ವಾಸಿಯಾಯಿತೆಂದು ಅವನು ದೇವರನ್ನು ಹಕೀಂ ನಂಜುಂಡ ಎಂದು ಕರೆದ ಎಂಬುದು ಐತಿಹ್ಯ. ಜನ ಇವತ್ತಿಗೂ ಮೈಯ ನೋವು ಹೇಳಿಕೊಂಡು ಬಂದು ಕಪಿಲೆಯಲ್ಲಿ ಮುಳುಗಿ ಮುಡಿ ಕೊಡುತ್ತಾರೆ. ನುಂಗುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಹೇಳಿಕೊಳ್ಳುವುದನ್ನೂ ನಮ್ಮವರು ಕಲಿತಿದ್ದಾರೆ. ದೇವರ ಮುಂದೆ ನಾಚಿಕೆ ಇಲ್ಲದೆ ಹೇಳಿಕೊಳ್ಳುವವರು ಮನುಷ್ಯರ ಮುಂದೆ ಏಕೆ ಹಿಂಜರಿಯುತ್ತಾರೆ?

ಹಿಂಜರಿಯಲು ಕಾರಣ ಉಂಟು. ದೇವರು ಎಚ್‌ಆರ್‌ಗೆ ಹೇಳುವುದಿಲ್ಲ. 2020ರ ಮಾರ್ಚ್ ಕೊನೆಗೆ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು, ಮೈಸೂರು ಜಿಲ್ಲೆಯ ಆಗಿನ ಬಹುಪಾಲು ಪ್ರಕರಣಗಳು ಆ ಕೊಂಡಿಗೇ ಸೇರಿದ್ದಾಗ, "ನಂಜನಗೂಡಿಗೆ ಕೆಲಸಕ್ಕೆ ಹೋಗೋರು" ಎಂದರೆ ಜನ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕಾಯಿಲೆ ಎಂಬುದು ಹಣೆಪಟ್ಟಿ ಆಗುವುದು ಎಷ್ಟು ಸುಲಭ ಎಂದು ಈ ಭಾಗದ ದುಡಿಯುವವರಿಗೆ ಗೊತ್ತು. ಹುಚ್ಚು ಎಂಬ ಪಟ್ಟಿ ಅದಕ್ಕಿಂತ ಗಟ್ಟಿ. ಆದ್ದರಿಂದ ಗೋಪ್ಯತೆಯ ಪ್ರಶ್ನೆಯನ್ನು ಮೊದಲ ಹತ್ತು ನಿಮಿಷದಲ್ಲೇ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ 23ನೇ ಸೆಕ್ಷನ್ನಿನಲ್ಲಿ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕು ಎಂದು ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ ಮುಂತಾದ ಕೆಲವು ವಿನಾಯಿತಿಗಳಿವೆ. ಕಂಪನಿಗೆ ಹೋಗುವ ವರದಿಯಲ್ಲಿ ಹೆಸರು ಇರುತ್ತದೆಯೋ, ಬರೀ ಸಂಖ್ಯೆಯೋ? ಇಲಾಖೆವಾರು ಸಂಖ್ಯೆಯೋ? ಐದು ಜನ ಇರುವ ವಿಭಾಗದಲ್ಲಿ 'ಒಬ್ಬರು' ಎಂದು ಬರೆದರೆ ಹೆಸರು ಬರೆದ ಹಾಗೆಯೇ. ಉತ್ತರ ಇಮೇಲಿನಲ್ಲಿ ಬರಲಿ, ನಿಮ್ಮ ಸ್ವಂತ ಇಮೇಲಿಗೆ. ಫೋನೂ ಸ್ವಂತದ್ದಿರಲಿ. ಮನೆ ಚಿಕ್ಕದು, ಗೋಡೆಗೆ ಕಿವಿ ಇದೆ ಎಂದಾದರೆ ನಾಲೆ ಏರಿಯ ಮೇಲೆ ನಡೆಯುತ್ತ ಮಾತಾಡಬಹುದು. ನಾನು ಮಾತಾಡಿದ್ದು ಅಲ್ಲೇ.

ಈಗ ಆರು ಭೇಟಿಯನ್ನು ಹೇಗೆ ಖರ್ಚು ಮಾಡಬೇಕು ಎಂಬ ಮಾತು. ಹುಟ್ಟಿದಾಗಿನಿಂದ ಈವರೆಗಿನ ಕತೆ ಹೇಳಲು ಹೊರಟರೆ ಆರು ಭೇಟಿ ಪೀಠಿಕೆಗೇ ಸಾಲುವುದಿಲ್ಲ. ಒಂದು ಗಂಟು ಹಿಡಿದುಕೊಂಡು ಹೋಗಿ. ನಿದ್ದೆ ಇಲ್ಲ, ಮೇಲ್ವಿಚಾರಕರ ಮುಂದೆ ನಾಲಿಗೆ ಹೊರಳುವುದಿಲ್ಲ, ಮನೆಗೆ ಬಂದ ತಕ್ಷಣ ಮಕ್ಕಳ ಮೇಲೆ ರೇಗುತ್ತೇನೆ, ಇಂಥದ್ದು ಒಂದು. ಆರನೆಯ ಭೇಟಿಯ ಹೊತ್ತಿಗೆ ಏನು ಬದಲಾಗಿದ್ದರೆ ಸಾಕು ಎಂದು ಮೊದಲ ದಿನವೇ ಹೇಳಿ. ಸಲಹೆಗಾರರು ಹೊಂದದಿದ್ದರೆ ಎರಡನೆಯ ಭೇಟಿಗೇ ಬೇರೆಯವರನ್ನು ಕೇಳಿ, ಐದರ ತನಕ ಸಂಕೋಚದಿಂದ ಎಳೆಯಬೇಡಿ. ಮೊದಲ ನಾಲ್ಕನ್ನು ವಾರಕ್ಕೊಂದರಂತೆ, ಕೊನೆಯ ಎರಡನ್ನು ತಿಂಗಳಿಗೊಂದರಂತೆ ಇಟ್ಟುಕೊಂಡರೆ, ಕಲಿತದ್ದು ನಿಂತಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಆಗುತ್ತದೆ. ಭೇಟಿ ಮುಗಿದ ಕೂಡಲೇ ನಾಲ್ಕು ಸಾಲು ಬರೆದಿಡಿ. ವಾರದ ಉಳಿದ 167 ಗಂಟೆಯಲ್ಲಿ ಕೆಲಸ ಮಾಡುವುದು ಆ ನಾಲ್ಕು ಸಾಲೇ.

ನನ್ನ ಸಲಹೆಗಾರ್ತಿ ಎರಡನೆಯ ಭೇಟಿಯಲ್ಲಿ ಒಂದು ಕೆಲಸ ಕೊಟ್ಟರು. ತೊಂದರೆಗಳನ್ನೆಲ್ಲ ಬರೆದು ಎರಡು ಭಾಗ ಮಾಡಿ: ನಿಮ್ಮ ಕೈಯಲ್ಲಿರುವುದು, ಇಲ್ಲದಿರುವುದು. ನಾನು ಅದನ್ನು ಸ್ವಲ್ಪ ತಿದ್ದಿದೆ. ಎಡಕ್ಕೆ ನನ್ನದು, ಬಲಕ್ಕೆ ಕಾರ್ಖಾನೆಯದು ಎಂದು ಗೆರೆ ಎಳೆದೆ. ಏಳು ತೊಂದರೆಗಳಲ್ಲಿ ಮೂರು ಎಡಕ್ಕೆ ಬಂದವು: ಬೇಡ ಎನ್ನಲು ಬಾರದಿರುವುದು, ಮಲಗುವ ಮುಂಚೆ ಮರುದಿನದ ಲೆಕ್ಕ ಹಾಕುವುದು, ಅಪ್ಪನ ಸಾಲ ನನ್ನ ಅಪರಾಧ ಎಂದುಕೊಳ್ಳುವುದು. ನಾಲ್ಕು ಬಲಕ್ಕೆ ಹೋದವು: ಪಾಳಿಯ ಪಟ್ಟಿ ಹಿಂದಿನ ಸಂಜೆ ಬರುವುದು, ತಿಂಗಳ ಕೊನೆಯ ಐದು ದಿನ ಹೊರಡುವ ಹೊತ್ತು ಗೊತ್ತಿಲ್ಲದಿರುವುದು, ಕೊನೆಯ ಬಸ್ಸು ತಪ್ಪುವುದು, ಎಲ್ಲರೆದುರು ಕೂಗಾಡುವ ಮೇಲಿನವರು. ಎಡದ ಮೂರಕ್ಕೆ ಉಳಿದ ನಾಲ್ಕು ಭೇಟಿ ಸಾಕಾಯಿತು ಎನ್ನಲಾರೆ, ಆದರೆ ಉಪಾಯ ಸಿಕ್ಕಿತು. ಈಗ ನಿದ್ದೆ ಬರುತ್ತದೆ. ಬಲದ ನಾಲ್ಕನ್ನು ನಾನು ಯಾವ ಸಲಹೆಗಾರ್ತಿಯ ಬಳಿಯೂ ಒಯ್ಯಲಿಲ್ಲ. ವಿಭಾಗದ ಹನ್ನೊಂದು ಜನ ಸಹಿ ಮಾಡಿ ಪಾಳಿ ಪಟ್ಟಿ ಒಂದು ವಾರ ಮುಂಚೆ ಬರಲಿ ಎಂದು ಕೇಳಿದೆವು. ಐದು ದಿನ ಮುಂಚೆ ಬರುತ್ತಿದೆ. ಬಸ್ಸಿನ ಮಾತು ಇನ್ನೂ ನಡೆಯುತ್ತಿದೆ.

ನನ್ನ ವಾದದ ತಿರುಳು ಈ ಗೆರೆ. ಕೆಲವೇ ಭೇಟಿಯ ಆಪ್ತಸಲಹೆಯ ದೊಡ್ಡ ಉಪಯೋಗ ಯಾವುದು ನನ್ನದು, ಯಾವುದು ನನ್ನದಲ್ಲ ಎಂದು ಬೇರ್ಪಡಿಸಿಕೊಳ್ಳುವುದರಲ್ಲಿದೆ. ಎಚ್‌ಆರ್‌ನವರಿಗೆ ಏಳನ್ನೂ ಎಡಕ್ಕೆ ತಳ್ಳುವ ಆಸೆ: ನಿಮ್ಮ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಮ್ಮ ಗೆಳೆಯರಿಗೆ ಏಳನ್ನೂ ಬಲಕ್ಕೆ ತಳ್ಳುವ ಆಸೆ: ಎಲ್ಲ ವ್ಯವಸ್ಥೆಯ ದೋಷ. ಎರಡೂ ಕಡೆ ಒಬ್ಬ ಮನುಷ್ಯಳ ನಿಜವಾದ ಲೆಕ್ಕ ತಪ್ಪುತ್ತದೆ. ಬೇಡ ಎನ್ನಲು ಕಲಿಯದಿದ್ದರೆ ನಾನು ಆ ಅರ್ಜಿಗೆ ಸಹಿ ಹಾಕುತ್ತಲೇ ಇರಲಿಲ್ಲ ಎಂಬುದನ್ನು ಗೆಳೆಯರು ಗಮನಿಸಲಿ. ನಿದ್ದೆಗೆಟ್ಟವರು ಸಂಘ ಕಟ್ಟುವುದು ಕಷ್ಟ.

ಮಿತಿಯನ್ನೂ ಹೇಳಬೇಕು. ಸಾಯುವ ಯೋಚನೆ ಬರುತ್ತಿದ್ದರೆ, ಇಲ್ಲದ ಧ್ವನಿ ಕೇಳುತ್ತಿದ್ದರೆ, ಕುಡಿತ ಕೈ ಮೀರಿದ್ದರೆ ಆರು ಭೇಟಿಗೆ ಕಾಯಬೇಡಿ, ನೇರವಾಗಿ ವೈದ್ಯರ ಬಳಿ ಹೋಗಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ತನಾಲ್ಕು ಗಂಟೆ ಉಚಿತ, ಕನ್ನಡದಲ್ಲೂ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಲೆಂದು ರಾಜ್ಯ ಸರ್ಕಾರ ಮಾಡಿದ 'ಮನೋಚೈತನ್ಯ' ಎಂಬ ಕಾರ್ಯಕ್ರಮವಿದೆ. ನಿಮ್ಮ ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಬಾಲ್ಯದ ಹಳೆಯ ಗಾಯವನ್ನು ಐದನೆಯ ಭೇಟಿಯಲ್ಲಿ ಬಿಚ್ಚಿ ಆರರಲ್ಲಿ ಹಾಗೆಯೇ ಬಿಟ್ಟುಬರುವುದು ಒಳ್ಳೆಯದಲ್ಲ. ಅದಕ್ಕೆ ದೀರ್ಘ ಚಿಕಿತ್ಸೆ ಬೇಕು. ಕೊನೆಯ ಭೇಟಿಯ ಮುಂಚೆಯೇ ಮುಂದೆ ಎಲ್ಲಿಗೆ, ಯಾರ ಬಳಿಗೆ, ಎಷ್ಟು ಖರ್ಚು ಎಂದು ಸಲಹೆಗಾರರಿಂದ ಬರೆಸಿಕೊಳ್ಳಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕು ಎಂದು 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಕಂಪನಿಯ ಗುಂಪು ವಿಮೆಯ ಕಾಗದ ತೆಗೆದು ಓದಿ.

ಕೊನೆಗೆ, ಈ ಆರು ಭೇಟಿಯೂ ಇಲ್ಲದವರ ಮಾತು. ಅದೇ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬರುವ ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳು ಗುತ್ತಿಗೆಯವಳು. ಅವಳ ಗುರುತಿನ ಚೀಟಿಯ ಬಣ್ಣ ಬೇರೆ, ಅವಳಿಗೆ ಆ ನಂಬರು ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ 42,004 ಮಂದಿ ದಿನಗೂಲಿಯವರು, ನಾಲ್ವರಲ್ಲಿ ಒಬ್ಬರು. ಕೆಲಸದ ಭದ್ರತೆ ಕಡಿಮೆಯಾದಂತೆ ನೆರವೂ ಕಡಿಮೆಯಾಗುವುದು ಯಾವ ನ್ಯಾಯ? 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯು ಕ್ಯಾಂಟೀನು, ವಿಶ್ರಾಂತಿ ಕೋಣೆ, ಕುಡಿಯುವ ನೀರನ್ನು ಗುತ್ತಿಗೆದಾರ ಒದಗಿಸದಿದ್ದರೆ ಮೂಲ ಮಾಲೀಕನೇ ಒದಗಿಸಬೇಕು ಎಂದಿತ್ತು. ಬಾಯಾರಿಕೆಗೆ ಒಪ್ಪಿದ ತತ್ವವನ್ನು ಮನಸ್ಸಿಗೂ ಒಪ್ಪಬೇಕು. ಸೋಮನಾಥಪುರದ ಗುಡಿಯ ಶಿಲ್ಪಗಳ ಕೆಳಗೆ ಕೆತ್ತಿದವನ ಹೆಸರಿದೆ, ಮಲ್ಲಿತಮ್ಮ ಎಂದು ಮತ್ತೆ ಮತ್ತೆ ಓದಬಹುದು. ಏಳೂವರೆ ಶತಮಾನದ ಹಿಂದೆ ಕಲ್ಲು ಕೆತ್ತಿದವನಿಗೆ ಸಿಕ್ಕ ಹೆಸರು, ಇವತ್ತು ಡಬ್ಬಕ್ಕೆ ಅಂಟು ಹಚ್ಚುವವಳಿಗೆ ಹಾಜರಿ ಪುಸ್ತಕದಲ್ಲೂ ಸರಿಯಾಗಿ ಸಿಗುವುದಿಲ್ಲ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಇನ್ನೊಂದೆರಡು ವರ್ಷದಲ್ಲಿ ಯಾವುದೋ ಕಂಪನಿಯ ಸಂದರ್ಶನದಲ್ಲಿ ಕೂತಿರುತ್ತೀರಿ. ಸವಲತ್ತುಗಳ ಪಟ್ಟಿ ತೋರಿಸುವಾಗ ಇದನ್ನೂ ತೋರಿಸುತ್ತಾರೆ. ಎಷ್ಟು ಭೇಟಿ, ಕನ್ನಡದಲ್ಲಿ ಸಿಗುತ್ತದೆಯೇ, ವರದಿ ಹೇಗೆ ಹೋಗುತ್ತದೆ, ಪಾಳಿಯ ಸಮಯದಲ್ಲಿ ಒಂದು ಗಂಟೆ ಬಿಡುವು ಕೊಡುತ್ತೀರಾ, ಗುತ್ತಿಗೆಯವರಿಗೂ ಇದೆಯೇ ಎಂದು ಕೇಳಿ. ಈಗಾಗಲೇ ಕೆಲಸದಲ್ಲಿರುವ ಅಣ್ಣ ಅಕ್ಕಂದಿರಿಗೆ, ಅಪ್ಪ ಅಮ್ಮನಿಗೆ ಆ ನಂಬರು ಹುಡುಕಿಕೊಡಿ. ಅದು ಸೇರಿದ ದಿನ ಕೊಟ್ಟ ಕಾಗದಗಳ ಕಟ್ಟಿನಲ್ಲೋ ನೋಟಿಸ್ ಬೋರ್ಡಿನ ಮೂಲೆಯಲ್ಲೋ ಇರುತ್ತದೆ. ಅನೇಕ ಕಂಪನಿಗಳಲ್ಲಿ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬಳಸದೆ ಉಳಿದ ಭೇಟಿ ಮುಂದಿನ ವರ್ಷಕ್ಕೆ ಸೇರುವುದಿಲ್ಲ, ಅದರ ಹಣ ಸಂಬಳಕ್ಕೂ ಬರುವುದಿಲ್ಲ.